ಮೇಷ್ಟ್ರ ಆರು ಸಾಲಿನ ವಾರ್ನಿಂಗ್

ಮನುಷ್ಯನು ತನ್ನ ತಪ್ಪುಗಳಿಂದಲೇ ಕಲಿಯುತ್ತಾನೆ ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿದ ಹಿರಿಯರಲ್ಲಿ ಯಾರೂ ಕಂಪೈಲರ್ ಎದುರು ಕೂತವರಲ್ಲ. ಕಳೆದ ವಾರ ಕಪಾಟಿನ ತಳಕ್ಕೆ ಹಾಸಿದ್ದ ಹಳೆಯ ಪ್ರಿಂಟರ್ ಕಾಗದವನ್ನು ಎಳೆದು ತೆಗೆದೆ. ಎರಡೂ ಅಂಚಿನಲ್ಲಿ ತೂತುಗಳ ಸಾಲು, ನಡುವೆ ಮಾಸಿದ ಚುಕ್ಕಿ ಅಕ್ಷರ. ರಿಬ್ಬನ್ ಶಾಯಿಯ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಅದರಲ್ಲಿ ಇದ್ದದ್ದು ಬರೀ ಬೈಗುಳ, ಸಾಲಿನ ನಂಬರು ಸಮೇತ, ನಾಲ್ಕು ಪುಟ. ಓದುತ್ತಿದ್ದ ಹಾಗೆ ಮೇಷ್ಟ್ರ ಕೆಮ್ಮು ಕೇಳಿಸಿದಂತಾಯಿತು…

ಎರಡು ಸಾವಿರದ ಇಸವಿಯ ಆಚೀಚೆ ನಾನು ಸಕಲೇಶಪುರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೆ. ಏಳು ಟೈಪ್‌ರೈಟರುಗಳ ನಡುವೆ ಒಂದು ಕಂಪ್ಯೂಟರನ್ನು ಪ್ರತಿಷ್ಠಾಪಿಸಿದ್ದೆ. ಮೇಷ್ಟ್ರು ನನಗೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಕಲಿಸಿದವರು ಎಂದು ಬರೆದರೆ ಸುಳ್ಳಾಗುತ್ತದೆ. ನಿವೃತ್ತರಾದ ಮೇಲೆ ಯಾವುದೋ ಪತ್ರಿಕೆಯ ಜೊತೆ ಬಂದ ಸಿ.ಡಿ. ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಅದರಲ್ಲೊಂದು ಪ್ರೋಗ್ರಾಮಿಂಗ್ ಭಾಷೆ ಇತ್ತು. ಎಲ್ಲವನ್ನೂ ಗಣಿತದ ಫಂಕ್ಷನ್ನುಗಳಾಗಿಯೇ ಬರೆಯಬೇಕು, ಬೇರೆ ಯಾವುದನ್ನೂ ಮುಟ್ಟಬಾರದು ಎನ್ನುವಂಥ ಮಡಿವಂತ ಭಾಷೆ. ಮೇಷ್ಟ್ರಿಗೆ ತಮ್ಮ ಕುಲದವರೇ ಸಿಕ್ಕಂತಾಯಿತು.

ಕಂಪೈಲರ್ ಎಂದರೆ, ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ದಾಟಿಸುವ ಮೊದಲು ಓದಿ ನೋಡಿ ಆಕ್ಷೇಪಣೆ ಹಾಕುವ ಗುಮಾಸ್ತ. ತಾಲ್ಲೂಕು ಕಚೇರಿಯ ಗುಮಾಸ್ತನಾದರೆ ಮಧ್ಯಾಹ್ನ ಊಟಕ್ಕೆ ಏಳುತ್ತಾನೆ. ಇದು ಏಳುತ್ತಿರಲಿಲ್ಲ. 'ಇಲ್ಲಿ ಸಂಖ್ಯೆ ಇರಬೇಕಿತ್ತು, ಸಂಖ್ಯೆಗಳ ಪಟ್ಟಿ ಕಂಡುಬಂದಿದೆ' ಎಂಬ ಒಂದು ಮಾತನ್ನು ಹೇಳಲು ಹದಿನೈದು ಸಾಲು ತೆಗೆದುಕೊಳ್ಳುತ್ತಿತ್ತು. ಅದೂ ತಪ್ಪು ಹನ್ನೆರಡನೇ ಸಾಲಿನಲ್ಲಿದ್ದರೆ ನಲವತ್ತನೇ ಸಾಲನ್ನು ಬೈಯುತ್ತಿತ್ತು, ಅತ್ತೆ ಸೊಸೆಯ ಮೇಲಿನ ಸಿಟ್ಟಿಗೆ ಬೆಕ್ಕನ್ನು ಬೈದ ಹಾಗೆ. ಟೈಪ್ ಮಾಡಬೇಕಾದವನು ನಾನು. ಮೇಷ್ಟ್ರು ಪಕ್ಕದ ಸ್ಟೂಲಿನಲ್ಲಿ ಕೂತು ಒಂದೊಂದು ಎರರನ್ನೂ ಕೋರ್ಟಿನ ತೀರ್ಪಿನಂತೆ ಗಟ್ಟಿಯಾಗಿ ಓದುತ್ತಿದ್ದರು. ನನ್ನ ರಕ್ತ ಕುದಿಯುತ್ತಿತ್ತು. ಅವರಿಗೆ ಸಂತೋಷ.

"ಇಷ್ಟು ಶ್ರದ್ಧೆಯಿಂದ ನಿನ್ನ ಯಾರಾದ್ರೂ ತಿದ್ದಿದ್ರೇನೋ ಮಾರಾಯ?"

"ನೀವು ತಿದ್ದಿದ್ರಲ್ಲ ಮೇಷ್ಟ್ರೇ, ಬೆತ್ತ ತಗಂಡು."

"ಸಾಲ್ದು ಅಂತ ಈಗ ಗೊತ್ತಾಯ್ತೈತೆ."

ಇಷ್ಟೆಲ್ಲ ಪಾಡು ಯಾತಕ್ಕೆಂದರೆ ಅವರ ಕಾಫಿಗೆ. ಬಿಸಿಲೆ ರಸ್ತೆಯಲ್ಲಿ ಅವರದು ಎರಡು ತುಂಡು ತೋಟ, ಒಂದು ಗುಡ್ಡದ ಮೇಲೆ, ಇನ್ನೊಂದು ಮೈಲಿ ದೂರ ಕೆಳಗೆ. ಮೇಲಿನ ತುಂಡಿನಲ್ಲಿ ನಿವೃತ್ತಿಯ ವರ್ಷ ನೆಟ್ಟ ರೊಬಸ್ಟಾ ಆ ಬೇಸಿಗೆ ಮೊದಲ ಸಲ ಗಿಡದ ತುಂಬಾ ಮೊಗ್ಗು ಹಿಡಿದಿತ್ತು. ಒಂದು ಇಂಚು ಮಳೆ ಬಿದ್ದರೆ ಮೊಗ್ಗು ಅರಳುತ್ತದೆ. ಅರೆಬರೆ ಬಿದ್ದರೆ ಮಾತ್ರ ಕಷ್ಟ. ಉಳಿದ ನೀರನ್ನು ನಾವೇ ಕೂಡಲೇ ಸ್ಪ್ರಿಂಕ್ಲರಿನಲ್ಲಿ ಕೊಡಬೇಕು, ಇಲ್ಲವೆಂದರೆ ಮೊಗ್ಗು ಕರಟಿಹೋಗುತ್ತದೆ. ಮೇಷ್ಟ್ರ ಕೆರೆಯಲ್ಲಿದ್ದ ನೀರು ಒಂದು ತುಂಡಿಗೆ ಸಾಕು, ಎರಡಕ್ಕೆ ಸಾಲದು. ಮಂಡಿ ನೋವಿನಿಂದ ಗುಡ್ಡ ಹತ್ತಲಾರದ ಮೇಷ್ಟ್ರು ಪೇಟೆಯಲ್ಲೇ ಇರುತ್ತಿದ್ದರು. ತೋಟದ ಕಾವಲಿನವನು ಎರಡೂ ಕಡೆಯ ರೇನ್‌ಗೇಜ್ ನೋಡಿ, ದಿನದ ಮಳೆಯನ್ನು ಸೆಂಟಿನಲ್ಲಿ, ಅಂದರೆ ಇಂಚಿನ ನೂರನೇ ಪಾಲಿನಲ್ಲಿ, ಚೀಟಿಯ ಮೇಲೆ ಬರೆದು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದ. ಯಾವ ತುಂಡಿಗೆ ಕಡಿಮೆ ಬಿದ್ದಿದೆ, ನೀರು ಯಾರಿಗೆ ಎಂದು ನಮ್ಮ ಪ್ರೋಗ್ರಾಮು ಹೇಳಬೇಕು.

ಫೆಬ್ರವರಿ ಮುಗಿಯುವಷ್ಟರಲ್ಲಿ ಎರರುಗಳೆಲ್ಲ ತೀರಿದವು. ಉಳಿದದ್ದು ಒಂದು ವಾರ್ನಿಂಗ್. ಎರರ್ ಇದ್ದರೆ ಪ್ರೋಗ್ರಾಮು ಓಡುವುದೇ ಇಲ್ಲ. ವಾರ್ನಿಂಗ್ ಇದ್ದರೆ ಓಡುತ್ತದೆ, ಆದರೆ ಓಡುವ ಮುಂಚೆ ಪ್ರತಿ ಸಲವೂ ಆರು ಸಾಲು ಗೊಣಗುತ್ತದೆ. ಗೊಣಗಿನ ತಾತ್ಪರ್ಯ ಇಷ್ಟು: 'ಮಳೆ ಎಷ್ಟೆಂದು ಬರೆದಿದ್ದರೆ ಏನು ಮಾಡಬೇಕೆಂದು ತಿಳಿಸಿದ್ದೀರಿ. ಏನೂ ಬರೆಯದೆ ಖಾಲಿ ಬಿಟ್ಟಿದ್ದರೆ ಏನು ಮಾಡಬೇಕೆಂದು ತಿಳಿಸಿಲ್ಲ.'

"ಒಳ್ಳೆ ಪ್ರಶ್ನೆ ಕಣೋ," ಎಂದರು ಮೇಷ್ಟ್ರು. "ಖಾಲಿ ಅಂದ್ರೆ ಮಳೆ ಬಂದಿಲ್ಲ ಅಂತಲೋ, ಅವನು ನೋಡಿಲ್ಲ ಅಂತಲೋ? ಅವನ್ನೇ ಕೇಳ್ಬೇಕು. ಅಲ್ಲೀವರ್ಗೂ ಹಂಗೇ ಇರ್ಲಿ."

ಹಾಗೇ ಎರಡು ವಾರ ಇತ್ತು. ಅವರು ಕೇಳುವುದನ್ನು ಮುಂದೂಡುತ್ತಲೇ ಇದ್ದರು, ಅದು ಗೊಣಗುತ್ತಲೇ ಇತ್ತು. ಬೆರಳಚ್ಚು ಪರೀಕ್ಷೆ ಹತ್ತಿರ ಬಂದಿತ್ತು, ಹುಡುಗಿಯರು ಸಾಲಾಗಿ ಕಾಯುತ್ತಿದ್ದರು, ಇಲ್ಲಿ ಈ ಯಂತ್ರಕ್ಕೆ ತತ್ತ್ವಜಿಜ್ಞಾಸೆ. ಒಂದು ದಿನ ಮೇಷ್ಟ್ರು ಕಾಫಿ ಕುಡಿಯಲು ಎದುರಿನ ಹೋಟೆಲಿಗೆ ಹೋದಾಗ ನಾನು ಒಂದು ಸಾಲು ಸೇರಿಸಿದೆ: ಖಾಲಿ ಇದ್ದರೆ ಸೊನ್ನೆ. ವಾರ್ನಿಂಗ್ ನಿಂತಿತು. ಅಂಥ ಶಾಂತಿಯನ್ನು ನಾನು ಅನುಭವಿಸಿ ಆರು ತಿಂಗಳಾಗಿತ್ತು.

"ಎಲ್ಲೋ ಅದು?" ಎಂದರು, ಬಂದವರೇ.

"ಹೋಯ್ತು ಮೇಷ್ಟ್ರೇ."

ಹೇಗೆ ಹೋಯಿತೆಂದು ಅವರು ಕೇಳಲಿಲ್ಲ. ನಾನು ಹೇಳಲಿಲ್ಲ…

ಮಾರ್ಚಿನಲ್ಲಿ ಮಳೆ ಬಂತು. ಚೀಟಿಯೂ ಬಂತು, ಎರಡು ದಿನದ್ದು ಸೇರಿ. ಮೇಲಿನ ತುಂಡಿಗೆ ನಲವತ್ತೈದು ಸೆಂಟ್, ಕೆಳಗಿನದಕ್ಕೆ ಮೂವತ್ತು. ಸಂತೆಯ ದಿನದ ಎದುರು ಎರಡು ಕಡೆಯೂ ಖಾಲಿ. ನಮ್ಮ ಪ್ರೋಗ್ರಾಮು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಪು ಕೊಟ್ಟಿತು: ನೀರು ಕೆಳಗಿನ ತುಂಡಿಗೆ. ಮೇಷ್ಟ್ರು ಅದೇ ಬಸ್ಸಿನಲ್ಲಿ ಹೇಳಿ ಕಳಿಸಿದರು. ಕೆರೆ ಬರಿದಾಗುವವರೆಗೆ ಪಂಪು ಓಡಿತು. ಆಮೇಲೆ ಮೂರು ವಾರ ಆಕಾಶದಲ್ಲಿ ಒಂದು ಮೋಡವೂ ಕಾಣಲಿಲ್ಲ.

ಕಾವಲಿನವನು ಸ್ವತಃ ಪೇಟೆಗೆ ಬಂದ. ಮೇಲಿನ ತುಂಡಿನ ಗಿಡದಿಂದ ಒಂದು ರೆಕ್ಕೆಯನ್ನು, ಅಂದರೆ ಅಡ್ಡ ಕೊಂಬೆಯನ್ನು, ಮುರಿದು ತಂದಿದ್ದ. ಮೊಗ್ಗೆಲ್ಲ ಮೆಣಸಿನ ಕಾಳಿನಂತೆ ಕಪ್ಪಗೆ ಒಣಗಿತ್ತು. ಮೇಷ್ಟ್ರು ಅದನ್ನು ನೋಡಿ, ಸಂತೆ ದಿನ ಯಾಕೆ ಖಾಲಿ ಬಿಟ್ಟೆ ಎಂದು ಕೇಳಿದರು.

"ಸಂತೆಗೆ ಫಸ್ಟ್ ಬಸ್ಸಿಗೇ ಹೋಗ್ಬುಟ್ಟಿದ್ದೆ ಕಣ್ರೀ. ಮಾರನೆ ದಿನ ನೋಡಿದ್ರೆ ಕೆಳಗಿನ್ ಗೇಜ್ನಾಗೆ ಒಂದಿಂಚಿನ ಮ್ಯಾಲೇ ನಿಂತಿತ್ತು. ಮೇಲಿನದ್ರಾಗೆ ಒಂದು ಹನೀನೂ ಇರ್ಲಿಲ್ಲ. ಹಿಂದಿನ್ ದಿನದ ಮಳೆನ ಇವತ್ತಿನ ದಿನಕ್ಕೆ ಬರೆದ್ರೆ ತಪ್ಪಾಯ್ತದಲ್ಲ ಅಂತ ಚೆಲ್ಬುಟ್ಟೆ."

"ನೆಲ ಒದ್ದೆ ಇತ್ತಲ್ಲೋ! ಮತ್ತೆ ನೀರು ಬಿಡೋವಾಗ ಹೇಳ್ಬಾರ್ದಿತ್ತಾ?" ಎಂದು ಕಿರುಚಿದವನು ನಾನು.

"ನೀವೇ ಕಂಪ್ಯೂಟರ್ನಾಗೆ ನೋಡಿ ಹೇಳಿದ್ಮೇಲೆ, ನಾನ್ಯಾವನು ಸ್ವಾಮಿ ಹೇಳಾಕೆ?"

ಅವನನ್ನು ಬೈಯಲು ನನಗೆ ಬಹಳ ಮಾತು ಸಿಕ್ಕಿದವು. ಎಲ್ಲವನ್ನೂ ಆಡಿದೆ. ಮೇಷ್ಟ್ರು ಅಷ್ಟರಲ್ಲಿ ಪ್ರೋಗ್ರಾಮು ತೆಗೆಸಿ, ಕನ್ನಡಕವನ್ನು ಪರದೆಗೆ ತಾಗಿಸುವಂತೆ ಬಾಗಿ ಓದುತ್ತಿದ್ದರು. ನನ್ನ ಸಾಲಿನ ಮೇಲೆ ಬೆರಳು ನಿಂತಿತು.

"ಇದು ನಿಂದಾ?"

"ಹೌದು ಮೇಷ್ಟ್ರೇ."

ಅವರು ಸ್ವಲ್ಪ ಹೊತ್ತು ಕೆಮ್ಮಿದರು. "ನಾನು ಕೇಳ್ತೀನಿ ಅಂದು ಕೇಳಲಿಲ್ಲ. ಇವನು ಹೇಳಲಿಲ್ಲ. ಅದೊಂದು ಪಾಪ ಎರಡು ವಾರ ಬಡ್ಕಂಡ್ತು ಕಣೋ. ಅದರ ಬಾಯಿನೂ ಮುಚ್ಚಿಸ್ಬುಟ್ಟೆ."

ಬೆತ್ತದ ಏಟಾಗಿದ್ದರೆ ಅವತ್ತೇ ಮರೆಯುತ್ತಿದ್ದೆ. ಆ ಸಾಲನ್ನು ಅಳಿಸು ಎಂದರು, ಅಳಿಸಿದೆ. ಆರು ಸಾಲು ಮತ್ತೆ ಬಂದವು. ಮೇಷ್ಟ್ರು ಅವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿ ಎದ್ದು ಹೋದರು. ಆಮೇಲೆ ಇನ್‌ಸ್ಟಿಟ್ಯೂಟಿನ ಕಡೆ ಬರಲಿಲ್ಲ. ಹೋಗಿ ಮಾತಾಡಿಸಬೇಕು ಎಂದುಕೊಳ್ಳುತ್ತಲೇ ನಾನು ಆ ಬೇಸಿಗೆ ಕಳೆದೆ…

ಈಗ ಆ ಕೋಣೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ತೋಟ ಬೇರೆಯವರ ಕೈಯಲ್ಲಿದೆ; ಬಿಸಿಲೆ ಬಸ್ಸಿನಲ್ಲಿ ಹೋದರೆ ಎಡಕ್ಕೆ ಕಾಣುತ್ತದೆ. ನಾನು ಸಾಮಾನ್ಯವಾಗಿ ಬಲಗಡೆ ಕೂರುತ್ತೇನೆ.

ಮೇಲಿನ ತುಂಡು ಮಾರನೆಯ ವರ್ಷ ಪೂರ್ತಿ ಹೂ ಬಿಟ್ಟಿತು. ಮೇಷ್ಟ್ರು ಅದಕ್ಕೂ ಮುಂಚೆ, ಮಳೆಗಾಲದಲ್ಲೇ ತೀರಿಕೊಂಡಿದ್ದರು.