ಫ್ಯಾನ್ ನಿಲ್ಲುವ ಹೊತ್ತು

ಕೆಂಪಾಪುರದ ಮುನಿಗಂಗಮ್ಮನ ವಠಾರದಲ್ಲಿ ಅನೀಸಾಳನ್ನು ಕೆಲಸವಿಲ್ಲದೆ ಯಾರೂ ಮಾತನಾಡಿಸುತ್ತಿರಲಿಲ್ಲ. ಬ್ಲೌಸಿನ ಅಳತೆ ಕೊಡಲು ಬಂದವರು ಕೊಟ್ಟು ಹೋಗುತ್ತಿದ್ದರು, ಹೊಲಿದದ್ದನ್ನು ಒಯ್ಯಲು ಬಂದವರು ಒಯ್ಯುತ್ತಿದ್ದರು. ಕೆಟ್ಟವರೇನಲ್ಲ. ಒಬ್ಬ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ಬಾಯಿ ಬಿಡದೆಯೂ ಇರಬೇಕಾಗುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ, ಅಷ್ಟೆ. ಗಂಡ ದಿಲ್ಶಾದ್ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಹೊಲಿಗೆ ಮೆಷಿನ್ನು ಮತ್ತು ಕಾಂಪೌಂಡಿನ ನುಗ್ಗೆಮರದ ಕೆಳಗೆ ಗಾಳಿಯಿಳಿದ ಟೈರುಗಳ ಮೇಲೆ ಕೂತ ಅವನ ಬಿಳಿ ಟ್ಯಾಕ್ಸಿ. ಮಕ್ಕಳಾಗಿರಲಿಲ್ಲ.

ಆ ಟ್ಯಾಕ್ಸಿ ಇವತ್ತು ಗುಜರಿಗೆ ಹೋಗುವುದಿತ್ತು. ಬೆಳಿಗ್ಗೆ ಗುಜರಿಯ ಅರ್ಬಾಜ್ ಬಂದು, ಬಾನೆಟ್ ಎತ್ತಿ ನೋಡಿ, ಮಧ್ಯಾಹ್ನದ ನಮಾಜ್ ಮುಗಿಸಿ ಲಾರಿ ತರುತ್ತೇನೆ ಎಂದ. ಅನೀಸಾ ಸೆರಗು ಸರಿಮಾಡಿಕೊಂಡು, ರೇಡಿಯೇಟರಿನ ಹಿಂದಿನ ಫ್ಯಾನ್ ಒಂದನ್ನು ತನಗೆ ಬಿಡಬೇಕು ಎಂದಳು. ಅವನು ನಕ್ಕ. ಬೇಕಿದ್ದರೆ ಇಟ್ಟುಕೊಳ್ಳಿ ಖಾಲಾ, ಆದರೆ ನಾನು ಬರುವುದರೊಳಗೆ ನೀವೇ ಬಿಚ್ಚಿಕೊಂಡಿರಬೇಕು, ಲಾರಿ ಬಂದ ಮೇಲೆ ಕಾಯುವುದಕ್ಕೆ ಆಗುವುದಿಲ್ಲ ಎಂದು ಹೇಳಿ ಹೊರಟೇ ಹೋದ.

ಫ್ಯಾನ್ ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೂ ಅವಳು ಹೇಳುತ್ತಿರಲಿಲ್ಲ.

ದಿಲ್ಶಾದ್ ಏರ್‌ಪೋರ್ಟಿಗೆ ಬಾಡಿಗೆ ಓಡಿಸುತ್ತಿದ್ದವನು. ಹೊತ್ತಿಲ್ಲ ಗೊತ್ತಿಲ್ಲ, ಬಂದಾಗ ಬಂದ. ಹೆಬ್ಬಾಳದ ಫ್ಲೈಓವರಿನ ಮೇಲೆ ನಿಂತು ನಿಂತು ಕಾದ ಎಂಜಿನ್ನನ್ನು ಮನೆಯ ಮುಂದೆ ಆರಿಸಿದ ಮೇಲೂ ಬಾನೆಟ್ಟಿನೊಳಗಿನ ಫ್ಯಾನ್ ತನ್ನಷ್ಟಕ್ಕೆ ಗುಂಯ್ ಎಂದು ತಿರುಗುತ್ತಲೇ ಇರುತ್ತಿತ್ತು. ಅದು ನಿಲ್ಲುವವರೆಗೆ ಅವನು ಸೀಟು ಬಿಟ್ಟು ಏಳುತ್ತಿರಲಿಲ್ಲ. ಕಾರಿನ ಜೊತೆಗೆ ನನ್ನ ತಲೆಯೂ ತಣ್ಣಗಾಗಲಿ ಎನ್ನುತ್ತಿದ್ದ. ಒಳಗೆ ಅನೀಸಾ ಸದ್ದು ಕೇಳಿದ ಕೂಡಲೇ ಟೀಗೆ ಇಡುತ್ತಿದ್ದಳು. ಟೀ ಉಕ್ಕಿ ಬರುವುದಕ್ಕೂ ಸದ್ದು ನಿಲ್ಲುವುದಕ್ಕೂ ಅವನು ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಸರಿಹೋಗುತ್ತಿತ್ತು. ಮಾತು ಬಿಟ್ಟ ದಿನಗಳಲ್ಲೂ ಈ ಲೆಕ್ಕ ತಪ್ಪಿದ್ದಿಲ್ಲ. ಅವನ ಮುಖಕ್ಕೆ ಫೋಟೋ ಇತ್ತು. ಆ ಸದ್ದಿಗೆ ಏನೂ ಇರಲಿಲ್ಲ.

ಬಿಚ್ಚುವುದು ಹೇಗೆಂದು ಅವಳಿಗೆ ಅಷ್ಟಿಷ್ಟು ಗೊತ್ತಿತ್ತು. ಹಿಂದೊಮ್ಮೆ ಫ್ಯಾನಿನ ಮೋಟರ್ ಸುಟ್ಟುಹೋದಾಗ ದಿಲ್ಶಾದನೇ ಹೊಸದು ಹಾಕಿದ್ದ, ಟಾರ್ಚ್ ಹಿಡಿದು ನಿಂತಿದ್ದವಳು ಇವಳು. ಆದರೆ ಅವನ ಸ್ಪ್ಯಾನರುಗಳ ಪೆಟ್ಟಿಗೆಯನ್ನು ಟ್ಯಾಕ್ಸಿ ಸ್ಟ್ಯಾಂಡಿನ ಸ್ನೇಹಿತನೊಬ್ಬ ಈಗ ತಂದುಕೊಡ್ತೀನಿ ಎಂದು ಒಯ್ದವನು, ದಿಲ್ಶಾದನನ್ನು ಮಣ್ಣು ಮಾಡಿದ ದಿನ ಮಯ್ಯತ್ತಿಗೆ ಬಂದಾಗಲೂ ಬರಿಗೈಯಲ್ಲೇ ಬಂದಿದ್ದ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ. ಹಾಗಾಗಿ ಅನೀಸಾ ತನ್ನ ಸಂಸಾರವನ್ನೇ ಜಾಲಾಡಿ, ಮೆಷಿನ್ನಿನ ಪುಟ್ಟ ಸ್ಕ್ರೂಡ್ರೈವರ್, ಮೆಷಿನ್ ಎಣ್ಣೆ, ಯಾವ ಕಾಲದ್ದೋ ಸೈಕಲ್ ಸ್ಪ್ಯಾನರ್, ಒಲೆಯ ಪಕ್ಕದ ಇಕ್ಕಳ ಎಲ್ಲವನ್ನೂ ತಂದು ಬಂಪರಿನ ಮುಂದೆ ಹರಡಿಕೊಂಡಳು.

ವೈರಿನ ಪ್ಲಗ್ಗು ಸ್ಕ್ರೂಡ್ರೈವರಿನ ತುದಿಗೆ ಸುಲಭವಾಗಿ ಬಿಟ್ಟುಕೊಂಡಿತು. ಫ್ಯಾನನ್ನು ಹಿಡಿದ ಪ್ಲಾಸ್ಟಿಕ್ ಚೌಕಟ್ಟಿಗೆ ಮೇಲೆರಡು, ಕೆಳಗೆರಡು ಬೋಲ್ಟು. ಮೇಲಿನವಕ್ಕೆ ಸೈಕಲ್ ಸ್ಪ್ಯಾನರ್ ಕೂತಿತು, ಆದರೆ ತಿರುಗಿಸಿದಷ್ಟೂ ಬಿಗಿಯಾಯಿತು. ಅವಳು ನಿಂತದ್ದು ಬಂಪರಿನ ಕಡೆ, ಬೋಲ್ಟಿನ ತಲೆಯಿದ್ದದ್ದು ಎಂಜಿನ್ನಿನ ಕಡೆ. ಉಲ್ಟಾ ನಿಂತರೆ ಉಲ್ಟಾ ತಿರುಗಿಸಬೇಕು ಎಂದು ಟಾರ್ಚಿನ ದಿನ ಅವನು ಹೇಳಿದ್ದು ನೆನಪಾಗಿ ಹಾಗೆಯೇ ತಿರುಗಿಸಿದಳು, ಎರಡೂ ಬಿಟ್ಟುಕೊಂಡವು. ಅವಳಿಗೆ ಸಣ್ಣಗೆ ನಗು ಬಂತು. ನಗುವನ್ನು ತೋರಿಸಲು ಅತ್ತಿತ್ತ ನೋಡಿದಳು. ನುಗ್ಗೆಮರ ಇತ್ತು.

ಅಷ್ಟರಲ್ಲಿ ಮುನಿಗಂಗಮ್ಮ ಬಂದಳು. ಊರು ಊರಾಗಿದ್ದಾಗ ಇದೇ ಜಾಗದಲ್ಲಿ ರಾಗಿ ಬೆಳೆದು, ಈಗ ಬಾಡಿಗೆ ಬೆಳೆಯುವ ಮುದುಕಿ.

"ಏನವ್ವಾ ಇದು, ಇಂಗೆ ಕಾರಿನ ಒಟ್ಟೆ ಬಗೀತಾ ಕುಂತಿದ್ದೀಯಾ?"

"ಫ್ಯಾನ್ ಬಿಚ್ತಾ ಇದೀನಿ, ಅಮ್ಮಾ."

"ಮನೇಲಿ ಫ್ಯಾನಿಲ್ವಾ? ಕೆಟ್ಟೋಗಿದ್ರೆ ಏಳ್ಬಾರ್ದಾ, ಎಲೆಕ್ಟ್ರಿಷಿಯನ್ ಕರೆಸ್ತಿದ್ದೆ."

"ಮನೇದು ಚೆನ್ನಾಗಿದೆ, ಅಮ್ಮಾ. ಇದು... ಸುಮ್ನೆ. ಇರ್ಲಿ ಅಂತ."

"ಸುಮ್ನೆಗೆ ಯಾರವ್ವಾ ಬಿಸ್ಲಲ್ಲಿ ಬೇಯ್ತಾರೆ?" ಎಂದು ಮುನಿಗಂಗಮ್ಮ ಒಂದು ಗಳಿಗೆ ನಿಂತಳು. ಹೇಳಿಬಿಡಲೇ ಎಂದು ಅನೀಸಾಳಿಗೆ ಅನ್ನಿಸಿತು. ಆ ಸದ್ದು ನಿಮಗೂ ಕೇಳಿಸುತ್ತಿತ್ತಲ್ಲ, ನೆನಪಿದೆಯಾ ಎಂದು ಕೇಳಬೇಕಿತ್ತು. ಇಲ್ಲ ಎಂದುಬಿಟ್ಟರೆ? ಅನೀಸಾ ಇಕ್ಕಳ ಕೈಗೆತ್ತಿಕೊಂಡು ಮತ್ತೆ ಬಾನೆಟ್ಟಿನೊಳಗೆ ಬಗ್ಗಿದಳು. ಮುದುಕಿ, ಮರದ ಕೆಳಗೆಲ್ಲ ಎಣ್ಣೆ ಚೆಲ್ಲಬೇಡ ಎಂದು ಹೇಳಿ ಒಳಗೆ ಹೋದಳು.

ಕೆಳಗಿನ ಬೋಲ್ಟುಗಳು ಬೇರೆ ಜಾತಿಯವು. ಸ್ಪ್ಯಾನರ್ ಅಲ್ಲಿಗೆ ಇಳಿಯಲಿಲ್ಲ, ಮೇಲೆ ತುಕ್ಕು ಬೇರೆ. ಮೆಷಿನ್ ಎಣ್ಣೆಯನ್ನು ಬತ್ತಿಯ ತುದಿಯಿಂದ ತೊಟ್ಟಿಕ್ಕಿಸಿ ಕಾದಳು. ತಾಳಿದವನು ಬಾಳಿಯಾನು ಎಂಬ ಮಾತು ತುಕ್ಕಿನ ಬೋಲ್ಟಿಗೂ ಹೊಂದುತ್ತದೆ. ಆಮೇಲೆ ಕಿಟಕಿಯ ಕರ್ಟನ್ ಕಟ್ಟಿದ್ದ ಟೊಳ್ಳು ಸರಳನ್ನು ಕಿತ್ತು ತಂದು, ಅದರ ಬಾಯನ್ನು ಬೋಲ್ಟಿನ ತಲೆಗೆ ಕೊಟ್ಟು, ಮಸಾಲೆ ಕುಟ್ಟುವ ಕಲ್ಲಿನಿಂದ ಮೇಲೆ ಬಡಿದಳು. ಸರಳು ತಲೆಯನ್ನು ಕಚ್ಚಿಕೊಂಡಿತು. ಇಕ್ಕಳಕ್ಕೆ ಬಟ್ಟೆ ಸುತ್ತಿ ಸರಳನ್ನು ಹಿಡಿದು ತಿರುವಿದರೆ ಒಂದು ಬೋಲ್ಟು ಕಿರ್ರೆಂದು ಸಡಿಲಾಯಿತು. ಇನ್ನೊಂದಕ್ಕೆ ಬೆರಳಿನ ಗೆಣ್ಣು ತರಚಿ ರಕ್ತ ಬಂತು, ಕೊನೆಗೆ ಅದೂ ಬಂತು. ಮಸೀದಿಯಲ್ಲಿ ಅಜಾನ್ ಕೂಗುವಾಗ ಅವಳು ಚೌಕಟ್ಟು ಸಮೇತ ಫ್ಯಾನನ್ನು ಮೇಲೆತ್ತಿ, ಮಗುವನ್ನು ಎತ್ತಿಕೊಂಡಂತೆ ಎದೆಗೆ ಆನಿಸಿಕೊಂಡು ಒಳಗೆ ನಡೆದಳು. ಕುಪ್ಪಸವೆಲ್ಲ ಮಸಿಯಾಯಿತು.

ಅಡುಗೆಮನೆಯಲ್ಲಿ ರುಬ್ಬುಕಲ್ಲಿಗೆ ಒರಗಿಸಿ ಕಟ್ಟಿದಳು. ಕರೆಂಟ್ ಹೋದರೆ ಇರಲೆಂದು ಇಟ್ಟಿದ್ದ ಯುಪಿಎಸ್ ಬ್ಯಾಟರಿಗೆ, ದಿಲ್ಶಾದ್ ಟಾರ್ಚಿನ ದಿನ ಹೊಸ ಮೋಟರನ್ನು ಪರೀಕ್ಷೆ ಮಾಡಿದ ಹಾಗೆಯೇ, ಎರಡು ವೈರು ಸಿಕ್ಕಿಸಿದಳು. ಚಿಟಕ್ಕೆಂದು ಕಿಡಿ ಹಾರಿತು. ಗುಂಯ್ ಎಂದಿತು.

ಅದೇ ಸದ್ದು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಅವಳ ಕೈ ತಾನಾಗಿಯೇ ಪಾತ್ರೆ ತೆಗೆದು ಒಲೆಯ ಮೇಲಿಟ್ಟಿತು. ಹಾಲು, ನೀರು, ಟೀ ಸೊಪ್ಪು, ಜಜ್ಜಿದ ಶುಂಠಿ. ಬಾಗಿಲಿಗೆ ಬೆನ್ನು ಮಾಡಿ ನಿಂತಳು, ಯಾವಾಗಲೂ ನಿಲ್ಲುತ್ತಿದ್ದ ಹಾಗೆ. ಹೊರಗೆ ಅರ್ಬಾಜನ ಲಾರಿ ಬಂತು, ಸರಪಳಿ ಬಿಗಿದರು, ಗಾಳಿಯಿಲ್ಲದ ಟೈರುಗಳು ನೆಲ ಉಜ್ಜಿಕೊಂಡು ಗೇಟು ದಾಟಿದವು. ಅವಳು ತಿರುಗಲಿಲ್ಲ. ಎದೆ ಹಗುರಾಗಿತ್ತು. ಎಷ್ಟೋ ತಿಂಗಳ ಮೇಲೆ ಮನೆಗೆ ಯಾರೋ ಬರುವವರಿದ್ದರು.

ಟೀ ಉಕ್ಕಿ ಬಂತು. ಫ್ಯಾನ್ ತಿರುಗುತ್ತಲೇ ಇತ್ತು.

ಉರಿ ಸಣ್ಣ ಮಾಡಿದಳು. ಟೀ ಮತ್ತೆ ಉಕ್ಕಿತು, ಮತ್ತೆ ಇಳಿಸಿದಳು. ಕುದ್ದು ಕುದ್ದು ಬಣ್ಣ ಕಪ್ಪಾಯಿತು. ಆಗ ತಿಳಿಯಿತು. ಅಂದು ಅದು ನಿಲ್ಲುತ್ತಿದ್ದದ್ದು ಕಾದ ಎಂಜಿನ್ ತಣ್ಣಗಾಗಿ. ಈಗ ಅದರ ಮುಂದೆ ಎಂಜಿನ್ನೇ ಇಲ್ಲ, ತಣ್ಣಗಾಗಬೇಕಾದದ್ದು ಏನೂ ಇಲ್ಲ. ಬ್ಯಾಟರಿ ಮುಗಿಯುವವರೆಗೆ ಹೀಗೇ ತಿರುಗುತ್ತದೆ. ಇಷ್ಟೆಲ್ಲ ಬಿಚ್ಚಿ ತಂದವಳು ಆ ಸದ್ದನ್ನು ತಂದಿದ್ದಳು, ಅದು ನಿಲ್ಲುವುದನ್ನು ತಂದಿರಲಿಲ್ಲ. ಇನ್ನು ಅದನ್ನೂ ಅವಳೇ ಮಾಡಬೇಕು.

ಅನೀಸಾ ಒಲೆ ಆರಿಸಿದಳು. ಫ್ಯಾನಿನ ಪಕ್ಕ ನೆಲದ ಮೇಲೆ ಕೂತು, ಇನ್ನೂ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ವೈರು ಎಳೆದಳು. ರೆಕ್ಕೆಗಳು ನಿಧಾನವಾಗಿ, ಅಂದಿನ ಹಾಗೆಯೇ, ಸದ್ದಡಗಿ ನಿಂತವು.

ನೋಡಬಾರದು ಎಂದುಕೊಳ್ಳುತ್ತಲೇ ಅವಳು ಬಾಗಿಲ ಕಡೆ ನೋಡಿದಳು.