ಒಂದು ಗುಡಿಸು

ಸುಳ್ಳು ಹೇಳಿದ್ದು ನಾನು, ಸಮುವೇಲ. ಲಿಮ್ ಅಂಕಲ್ ಅಲ್ಲ. ಆರು ವರ್ಷದಿಂದ ನೀನು ಆ ಚೀನೀ ಮುದುಕರನ್ನು ಬೈದುಕೊಂಡಿದ್ದರೆ — ಬೈಗುಳ ತಪ್ಪು ವಿಳಾಸಕ್ಕೆ ಹೋಗಿದೆ.

ಈ ಪರದೇಶದಲ್ಲಿ, ಸೆರಂಗೂನಿನ ನಮ್ಮ ಚರ್ಚಿಗೆ ನೀನು ಬಂದದ್ದು ಒಂದೇ ಭಾನುವಾರ. ಕಟ್ಟಡ ಕೆಲಸದ ಬೂಟು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ರಟ್ಟು ಕಿತ್ತುಹೋದ ಕನ್ನಡ ಬೈಬಲ್. ಸಭೆಯ ಹಿರಿಯರಾದ ಲಿಮ್ ಅಂಕಲ್ ನನ್ನನ್ನು ಕರೆದರು. ಅಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ನನ್ನ ಬಾಯಿಂದ ಕನ್ನಡ ಬಂದದ್ದೇ ತಡ, ನಿನ್ನ ಮುಖ ಅರಳಿತು. "ವಂದನೆರಿ ಅಕ್ಕಾರ. ಸಮುವೇಲ ಅಂತ್ರಿ, ನಮ್ದು ಬೀದರ ಕಡೀರಿ. ಇಲ್ಲಿ ನಮ್ಮ ಮಾತಿನವ್ರು ಸಿಗ್ತಾರಂತ ಅಂದ್ಕೊಂಡಿದ್ದಿಲ್ರಿ."

ಅಂಕಲ್ ಹೇಳಿದ್ದು ಇಷ್ಟು: "ಟೆಲ್ ಹಿಮ್ ಸಿಟ್ ವಿತ್ ಅಸ್ ಲಾ. ಸ್ಟೇ ಫಾರ್ ಲಂಚ್." ನಮ್ಮವರ ಜೊತೆ ಕೂತುಕೋ, ಊಟ ಮಾಡಿಕೊಂಡು ಹೋಗು — ಅಷ್ಟೇ.

ನಾನು ಹೇಳಿದ್ದು: "ನಿಮ್ಮವರ ಆರಾಧನೆ ಸಂಜೆ ಇರುತ್ತೆ. ಆಗ ಬನ್ನಿ."

ನಮ್ಮವರು, ನಿಮ್ಮವರು. ನಡುವೆ ಇರುವುದು ಒಂದು ಗುಡಿಸು. ಅದರಿಂದಲೇ ನಿನ್ನನ್ನು ಹೊರಗೆ ಗುಡಿಸಿಬಿಟ್ಟೆ. ಸಂಜೆಯದು ಡಾರ್ಮಿಟರಿಯಲ್ಲಿರುವ ವಲಸೆ ಕೆಲಸಗಾರರಿಗೆಂದು ನಡೆಯುವ ತಮಿಳು ಆರಾಧನೆ, ನಿನಗೆ ಒಂದಕ್ಷರ ತಿಳಿಯದು — ಅದೂ ನನಗೆ ಗೊತ್ತಿತ್ತು.

ಯಾಕೆ ಹಾಗೆ ಮಾಡಿದೆ? ಹಿಂದಿನ ತಿಂಗಳಷ್ಟೇ ಅದೇ ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿ ಅತ್ತಿದ್ದೆ. ಬಾಡಿಗೆ ಮನೆಗೆ ಫೋನ್ ಮಾಡಿದರೆ, ಗ್ರೇಸ್ ಎಂಬ ಹೆಸರು ಕೇಳಿ ಬನ್ನಿ ಎಂದವರು, ಮುಖ ನೋಡಿ "ನೋ ಇಂಡಿಯನ್ಸ್" ಎಂದಿದ್ದನ್ನು ಹೇಳಿಕೊಂಡಿದ್ದೆ. ಎಲ್ಲರೂ ನನ್ನ ಕೈ ಹಿಡಿದು ಪ್ರಾರ್ಥಿಸಿದ್ದರು. ಅಂತೂ ಅವರಲ್ಲಿ ಒಬ್ಬಳಾಗಿದ್ದೆ. ಅಷ್ಟರಲ್ಲಿ ನೀನು ಬಂದು ಪಕ್ಕದಲ್ಲಿ ನಿಂತೆ — ಅದೇ ಬಣ್ಣ, ಅದೇ ಮಾತು. ನಾನು ನಿನಗೆ ಉತ್ತರ ಕೊಡುವ ಮೊದಲೇ ಹಿಂದಿನ ಸಾಲಿನ ಆಂಟಿಯೊಬ್ಬರು "ಯುವರ್ ಬ್ರದರ್ ಆ?" ಎಂದರು. ನನಗೆ ಮೈಯೆಲ್ಲ ಉರಿಯಿತು. ವಾರವಾರವೂ ಕಂಡಕಂಡವರನ್ನೆಲ್ಲ ಬ್ರದರ್ ಎನ್ನುತ್ತಿದ್ದ ಬಾಯಿ ನನ್ನದು.

ನೀನು "ಹೂಂರಿ ಅಕ್ಕಾರ" ಎಂದು ಅಂಕಲ್‌ಗೆ ಕೈಮುಗಿದು ಹೊರಟೆ. ಏನಂದ ಎಂದು ಅವರು ಕೇಳಿದರು. ಕೆಲಸ ಇದೆಯಂತೆ ಎಂದೆ. ಭಾನುವಾರವೂ ಕೆಲಸವೇ ಎಂದು ಮರುಗಿದರು, ಪಾಪ. ಮುಂದಿನ ನಾಲ್ಕು ವಾರ ಪಕ್ಕದ ಕುರ್ಚಿಯ ಮೇಲೆ ತಮ್ಮ ಬೈಬಲ್ ಇಟ್ಟು ನಿನಗೆ ಜಾಗ ಹಿಡಿದರು. ಐದನೆಯ ವಾರ ಅಲ್ಲಿ ನಾನೇ ಕೂತೆ.

ನನಗೆ ಬಾಗಿಲು ಹಾಕಿದವರು ಯಾರೂ ನನ್ನ ಭಾಷೆಯಲ್ಲಿ ಹಾಕಲಿಲ್ಲ. ನಾನು ನಿನಗೆ ಹಾಕಿದ್ದು ಕನ್ನಡದಲ್ಲಿ, ನೀನು ಅಕ್ಕಾರ ಎಂದ ಮೇಲೆ.

ಈ ಭಾನುವಾರ ಅಂಕಲ್‌ಗೆ ನಿಜ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಹೇಳುವುದು ಸುಲಭ. ನಿನಗೆ ಹೇಳಬೇಕಾದದ್ದು ಕನ್ನಡದಲ್ಲಿ — ಆದರೆ ಬೀದರ ಕಡೆ ಯಾವ ಊರು ಎಂದು ಸಹ ಅಂದು ನಾನು ಕೇಳಲಿಲ್ಲ.