ಮಾರ್ಸೇಲಿಗೆ ಹೋದ ಕುಂಕುಮ

ಗಂಡ ತೀರಿಕೊಂಡ ಮೇಲೆ ಖೂಬಾ ಪ್ಲಾಟ್ ಬಡಾವಣೆಯ ಸಕ್ಕೂಬಾಯಿ, ಹೈದರಾಬಾದಿನ ಕಾಲೇಜಿನಲ್ಲಿ ಕಲಿತ ಅರೆಬರೆ ಫ್ರೆಂಚನ್ನೇ ನಂಬಿ, ನೆಹರು ಗಂಜ್ ಪೇಟೆಯ ನೀಲಕಂಠ ಸಾಹುಕಾರರ ಬೇಳೆ ಅಂಗಡಿ ಸೇರಿದಳು. ಅವಳ ಊಟ, ಅತ್ತೆಯ ಊಟ ಎರಡೂ ಅದರಿಂದಲೇ. ಫ್ರೆಂಚರ ಬಂದರು ಮಾರ್ಸೇಲಿನ ಬೇಳೆ ವ್ಯಾಪಾರಿ ಲಾಕಾಂಬ್‌ಗೆ ತಿಂಗಳಿಗೊಂದು ಪತ್ರ. ಹಳೆಯ ಮಾದರಿ ಪತ್ರಗಳ ಪುಸ್ತಕ ನೋಡಿ ಟೈಪ್ ಮಾಡುವುದು. ಫ್ರೆಂಚರ ವಿನಯ ಮಾರುದ್ದ. 'ಇಂತಿ' ಎಂದರೆ ಅವರಿಗೆ ಸಾಲದು, 'ನನ್ನ ಗೌರವಪೂರ್ವಕ ಭಾವನೆಗಳನ್ನು ಸ್ವೀಕರಿಸುವ ಕೃಪೆ ಮಾಡಬೇಕು' ಎಂದು ಕೈಮುಗಿದೇ ಹೊರಡಬೇಕು. ಸಾಹುಕಾರರು ಪೂಜೆ ಮುಗಿಸಿ ಪ್ರತಿ ಪತ್ರದ ನಾಲ್ಕೂ ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ತಾವೇ ಅಂಚೆಗೆ ಹಾಕುತ್ತಿದ್ದರು. ಆ ಕುಂಕುಮದ ತಟ್ಟೆ ಬಂದಾಗ ವಿಧವೆ ಸಕ್ಕೂಬಾಯಿ ಹಿಂದೆ ಸರಿಯುತ್ತಿದ್ದಳು.

೧೯೯೧ರ ಶ್ರಾವಣದಲ್ಲಿ ಕಪ್ಪು ಅಂಚಿನ ಲಕೋಟೆ ಬಂತು. ಲಾಕಾಂಬ್ ತೀರಿಕೊಂಡಿದ್ದರು; ಬರೆದವಳು ಅವರ ಹೆಂಡತಿ. ಮಾದರಿ ಪುಸ್ತಕದಲ್ಲಿ ಸಾವಿಗೆ ಪತ್ರವಿಲ್ಲ. ಸಕ್ಕೂಬಾಯಿ ನಿಘಂಟು ತಡಕಾಡಿ, ಬೆವರಿ, ನಾಲ್ಕು ಸಾಲು ಕೂಡಿಸಿ ತನ್ನದೇ ಸಹಿ ಹಾಕಿ ಮೇಜಿನ ಮೇಲಿಟ್ಟಳು. ಆ ಗಾಬರಿಯಲ್ಲಿ ಸಾವಿನ ಸುದ್ದಿ ಸಾಹುಕಾರರಿಗೆ ಹೇಳುವುದೇ ಮರೆತುಹೋಯಿತು. ಫ್ರೆಂಚ್ ಬಾರದ ಅವರು ಎಂದಿನಂತೆ ಕುಂಕುಮ ಹಚ್ಚಿ ಅಂಚೆಗೆ ಹಾಕಿಬಂದರು.

ಗೊತ್ತಾದಾಗ ಅವಳ ಜೀವ ಬಾಯಿಗೆ ಬಂತು. ಸಾವಿನ ಮನೆಗೆ ಕುಂಕುಮದ ಕಾಗದ! ಗಿರಾಕಿ ಹೋದಂತೆಯೇ, ಕೆಲಸವೂ ಹೋದಂತೆಯೇ. ಮೂರು ವಾರ ಟಪಾಲಿನವ ಬಂದಾಗಲೆಲ್ಲ ಅವನ ಕಟ್ಟನ್ನು ತಾನೇ ಮೊದಲು ತಿರುವಿ ನೋಡಿದಳು. ಕೊನೆಗೆ ಜ್ವರವೆಂದು ಸುಳ್ಳು ಹೇಳಿ ಕಮಲಾಪುರದ ತವರಿಗೆ ಓಡಿದಳು. ಮರುದಿನವೇ ಸಾಹುಕಾರರು ಬಾಗಿಲಲ್ಲಿ ನಿಂತಿದ್ದರು.

"ಬಾಯಾರ, ಮಾರ್ಸೇಲಿಂದ ಕಾಗದ ಬಂದೈತ್ರಿ. ನಿಮ್ಮನ್ನ ಬಿಟ್ರ ಯಾರ್ ಓದ್ತಾರ?"

"ಸಾವಕಾರ್ರ, ಲಾಕಾಂಬ್ ಸಾಹೇಬ್ರು ತೀರ್ಕೊಂಡಾರ್ರಿ. ನಿಮಗ ಹೇಳೋದು ಮರತೆ. ನೀವು ಆ ಕಾಗದಕ್ಕ ಕುಂಕುಮ ಹಚ್ಚಿ ಕಳಿಸೀರಿ."

ಸಾಹುಕಾರರು ಕಟ್ಟೆಯ ಮೇಲೆ ಕೂತು ಕಾಗದ ಚಾಚಿದರು. "ಶಿವ ಶಿವಾ! ಓದ್ರಿ, ಏನ್ ಬೈದಾರೋ ನೋಡೂಣು."

ಅವಳು ಲಕೋಟೆ ಒಡೆದು, ಕನ್ನಡ ಮಾಡಿ ಓದಿ ಹೇಳಿದಳು: "ಮೇಡಂ, ನಿಮ್ಮ ಪತ್ರಗಳ ಮೂಲೆಯ ಬಣ್ಣ ಶುಭ ಹಾರೈಕೆಯೆಂದು ನನ್ನ ಗಂಡ ಹೇಳುತ್ತಿದ್ದರು. ಎಲ್ಲರೂ ನನಗೆ ಕಪ್ಪು ಅಂಚಿನ ಕಾಗದವನ್ನೇ ಕಳಿಸಿದರು. ನನಗೂ ಇನ್ನು ಶುಭವಾಗಲಿ ಎಂದವರು ನೀವೊಬ್ಬರೇ. ಮುಂದಿನ ಪತ್ರಕ್ಕೂ ಹಚ್ಚಿರಿ."

ಮರುವಾರ ಅಂಗಡಿಯಲ್ಲಿ ಪತ್ರ ಸಿದ್ಧವಾದಾಗ ಸಾಹುಕಾರರು ತಟ್ಟೆಯನ್ನು ಅವಳತ್ತ ಸರಿಸಿದರು. "ಆಕಿ ನಿಮಗ ಕೇಳ್ಯಾಳ್ರಿ ಬಾಯಾರ, ನನಗಲ್ಲ."

ಒಂಬತ್ತು ವರ್ಷ ಮುಟ್ಟದ ಕುಂಕುಮ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬಾಗಿಲತ್ತ ಕಣ್ಣು ಹಾಯಿಸಿ, ಬೆರಳಿನಿಂದ ನಾಲ್ಕೂ ಮೂಲೆಗೆ ಹಚ್ಚಿದಳು. ಅತ್ತೆ ಏನೆಂದಾರೋ ಎಂಬ ಭಯವಿತ್ತು. ಆದರೂ ಕೈ ತೊಳೆಯದೆ, ಕೆಂಪು ಬೆರಳಿನಲ್ಲೇ ಮನೆಗೆ ನಡೆದಳು.